ಮುಂದಿನವರಿಗೂ ನಮಗೂ ನಡುವಿನ ಜಾಗ

ಟೋಕಿಯೊದ ಶಿಬುಯಾ ನಿಲ್ದಾಣದಲ್ಲಿ ಎರಡು ರೈಲುಮಾರ್ಗಗಳನ್ನು ಜೋಡಿಸುವ ಮೇಲ್ದಾರಿಯೊಂದಿದೆ. ಅದರ ಒಂದು ಗೋಡೆಯ ತುಂಬ ತಾರೊ ಒಕಾಮೊತೊ ಬರೆದ ಭಾರೀ ಚಿತ್ರ. ಎದುರಿನ ಗಾಜಿನಾಚೆ, ಕೆಳಗೆ, ಜಗತ್ತೇ ಬಂದು ನೋಡುವ ಆ ಕ್ರಾಸಿಂಗ್. ಎಲ್ಲ ಕಡೆಯ ವಾಹನಗಳೂ ಒಟ್ಟಿಗೆ ನಿಲ್ಲುತ್ತವೆ, ಎಲ್ಲ ಮೂಲೆಗಳಿಂದಲೂ ಜನ ಒಮ್ಮೆಗೇ ರಸ್ತೆಗಿಳಿಯುತ್ತಾರೆ. ದಟ್ಟಣೆಯ ಹೊತ್ತಿನಲ್ಲಿ ಒಂದೇ ಹಸಿರು ದೀಪಕ್ಕೆ 3,000 ಜನರವರೆಗೆ ದಾಟುತ್ತಾರಂತೆ. ಇನ್ನೇನು ಢಿಕ್ಕಿಯಾಯಿತು ಎಂದು ನಾನು ಉಸಿರು ಬಿಗಿಹಿಡಿದೆ. ಯಾರಿಗೂ ಯಾರ ಭುಜವೂ ತಾಗಲಿಲ್ಲ. ನಡುರಸ್ತೆಯಲ್ಲಿ ಎದುರುಬದುರಾದ ಗುಂಪುಗಳು ಎರಡು ಬಾಚಣಿಗೆಗಳ ಹಲ್ಲುಗಳಂತೆ ಒಂದರೊಳಗೊಂದು ಹಾದು ಆಚೆ ಬಂದವು. ಸಾಲು ಕಟ್ಟಿ ಎಂದು ಅವರಿಗೆ ಹೇಳಿದವರು ಯಾರು?

ಯಾರೂ ಅಲ್ಲ. ಸಂಶೋಧಕರಾದ ಡರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೋಲ್ನಾರ್ 1995ರಲ್ಲಿ ನಡೆಯುವ ಮನುಷ್ಯನನ್ನು ಬಲಗಳಿಗೆ ಸಿಕ್ಕ ಕಣದ ಹಾಗೆ ಲೆಕ್ಕಕ್ಕೆ ಹಿಡಿದರು. ಗುರಿ ಅವನನ್ನು ಎಳೆಯುತ್ತದೆ. ಎದುರಿನವರೂ ಗೋಡೆಯೂ ದೂರ ತಳ್ಳುತ್ತವೆ. ‘ಎಡಗಡೆ ನಡೆ’ ಎಂಬ ನಿಯಮವನ್ನು ಎಲ್ಲೂ ಬರೆಯದಿದ್ದರೂ ಕಂಪ್ಯೂಟರಿನಲ್ಲಿ ಸಾಲುಗಳು ತಾವಾಗಿ ಮೂಡಿದವು. ಆದರೆ ಮನುಷ್ಯ ಕಣವಲ್ಲವಲ್ಲ, ಎದುರಿನವರು ಎತ್ತ ಸರಿಯುತ್ತಾರೆಂದು ಮೊದಲೇ ಊಹಿಸುತ್ತಾನೆ. ಹಿಸಾಶಿ ಮುರಾಕಮಿ, ಕತ್ಸುಹಿರೊ ನಿಶಿನಾರಿ ಮತ್ತು ಜತೆಗಾರರು 27 ಜನರ ಎರಡು ಗುಂಪುಗಳನ್ನು ಎದುರುಬದುರು ನಡೆಸಿ, ಒಂದು ಗುಂಪಿನ ಮುಂದಿದ್ದ ಮೂವರ ಕೈಗೆ ಮೊಬೈಲ್ ಕೊಟ್ಟರು. ಅಷ್ಟಕ್ಕೇ ಸಾಲು ಮೂಡುವುದು ತಡವಾಯಿತು, ಇಡೀ ಗುಂಪು ನಿಧಾನವಾಯಿತು. ಮೊಬೈಲ್ ನೋಡದವರೂ ತಡವರಿಸಿದರು! 2021ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿದಂದಿನಿಂದ ನಾನು ನಡೆಯುತ್ತ ಮೊಬೈಲ್ ತೆಗೆಯುವುದಿಲ್ಲ.

ಟೋಕಿಯೊದಿಂದ ನಗೋಯಾಕ್ಕೆ ಬಸ್ಸಿನಲ್ಲಿ ಹೊರಟೆ. ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೆಡೆ ವಾಹನಗಳೆಲ್ಲ ತೆವಳತೊಡಗಿದವು. ಅಪಘಾತವೋ ರಿಪೇರಿಯೋ ಎಂದು ಕತ್ತು ಚಾಚಿ ಕಾದೆ. ಏನೂ ಇರಲಿಲ್ಲ, ಸ್ವಲ್ಪ ಹೊತ್ತಿಗೆ ದಾರಿ ತಾನೇ ಬಿಡುವಾಯಿತು. ಜಪಾನಿನ ಎಕ್ಸ್‌ಪ್ರೆಸ್‌ವೇಗಳಲ್ಲಿ ಇಂಥದ್ದು ಹೆಚ್ಚಾಗಿ ಆಗುವುದು ಇಳಿಜಾರು ಮುಗಿದು, ಕಣ್ಣಿಗೂ ತಿಳಿಯದಷ್ಟು ಸಣ್ಣ ಏರು ಶುರುವಾಗುವ ಕಡೆ. ಕಾರು ತುಸು ನಿಧಾನವಾದದ್ದು ಓಡಿಸುವವರಿಗೆ ಗೊತ್ತಾಗುವುದಿಲ್ಲ. ಹಿಂದಿನವರು ಬ್ರೇಕ್ ಒತ್ತುತ್ತಾರೆ, ಅವರ ಹಿಂದಿನವರು ಇನ್ನಷ್ಟು ಜೋರಾಗಿ. ಎಷ್ಟೋ ಕಾರುಗಳ ಹಿಂದೆ ಯಾರೋ ಪೂರ್ತಿ ನಿಲ್ಲುತ್ತಾರೆ.

ನಗೋಯಾಕ್ಕೆ ನನ್ನನ್ನು ಎಳೆದದ್ದೂ ಇದೇ ವಿಷಯ. ಅಲ್ಲಿನ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ತಂಡ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿತು. ಸಿಗ್ನಲ್ ಇಲ್ಲ, ತಿರುವಿನ ಗೊಂದಲವಿಲ್ಲ, ಗುಂಡಿಯಿಲ್ಲ. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಮುಂದಿನವರ ಹಿಂದೆ ಹೋಗಬೇಕು, ಅಷ್ಟೆ. ಮೊದಮೊದಲು ಎಲ್ಲರೂ ಸಮವಾಗಿ ಸುತ್ತುತ್ತಾರೆ. ಆಮೇಲೆ ಎಲ್ಲೋ ಒಂದು ಸಣ್ಣ ನಡುಕ ಹುಟ್ಟಿ, ಬೆಳೆದು, ನಾಲ್ಕೈದು ಕಾರುಗಳು ನಿಂತೇಬಿಡುತ್ತವೆ. ಕಾರುಗಳು ಮುಂದೆ ಹೋದರೆ ಆ ನಿಲುಗಡೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಪಯಣಿಸುತ್ತದೆ. ಮುಂದಿದ್ದವರು ಬಿಟ್ಟುಹೋಗುತ್ತಾರೆ, ಹಿಂದಿನವರು ಬಂದು ಸೇರುತ್ತಾರೆ. ಒಳಗಿರುವವರು ಬದಲಾಗುತ್ತಲೇ ಇದ್ದರೂ ಜಾಮ್ ಮಾತ್ರ ಬದುಕಿರುತ್ತದೆ. 2008ರಲ್ಲಿ ಪ್ರಕಟವಾದ ಈ ಪ್ರಯೋಗದ ಚಿತ್ರಣವನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯದು. ತಪ್ಪಿತಸ್ಥನೇ ಇಲ್ಲದ ಜಾಮ್!

ಇಂಥ ಜಾಮ್‌ಗಳನ್ನೇ ಅಧ್ಯಯನ ಮಾಡುವ ನಿಶಿನಾರಿ ಎಕ್ಸ್‌ಪ್ರೆಸ್‌ವೇಗೆ ಹೇಳುವ ಲೆಕ್ಕ 40 ಮೀಟರ್. ಮುಂದಿನ ಕಾರಿಗೂ ನಮಗೂ ಅಷ್ಟು ಅಂತರ ಉಳಿದರೆ ಮುಂದಿನವರ ನಡುಕ ನಮ್ಮಲ್ಲೇ ಇಂಗಿಹೋಗುತ್ತದೆ. ಜಾಮ್ ಆಗದಂತೆ ನಡೆಯುವುದು ಇರುವೆಗಳಿಗೆ ಮೊದಲೇ ಗೊತ್ತು. ಐಐಟಿ ಕಾನ್ಪುರದ ದೇಬಾಶಿಶ್ ಚೌಧುರಿ, ನಿಶಿನಾರಿ ಮತ್ತಿತರರು ಇರುವೆ ಸಾಲುಗಳನ್ನು ಅಳೆದು 2009ರಲ್ಲಿ ವರದಿ ಮಾಡಿದರು: ಸಾಲು ಎಷ್ಟು ದಟ್ಟವಾದರೂ ಇರುವೆಗಳ ವೇಗ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಮುಂದಿನವರಿಗೂ ನಮಗೂ ನಡುವಿನ ಅಂತರ ಪೂರ್ತಿ ಅಳಿದರೆ? ಪಶ್ಚಿಮಕ್ಕೆ ಹೋಗಿ ಅಕಾಶಿಯ ಅಸಾಗಿರಿ ನಿಲ್ದಾಣದಲ್ಲಿ ಇಳಿದೆ. ನಿಲ್ದಾಣದಿಂದ ಕಡಲತೀರಕ್ಕೆ ಒಂದು ಪಾದಚಾರಿ ಸೇತುವೆ, ಅದರ ತುದಿಯಲ್ಲಿ ಸೇತುವೆಗಿಂತ ಕಿರಿದಾದ ಮೆಟ್ಟಿಲು. 2001ರ ಜುಲೈ 21ರ ರಾತ್ರಿ ಪಟಾಕಿ ಪ್ರದರ್ಶನಕ್ಕೆ ಹೋಗುವವರೂ ಮರಳುವವರೂ ಇಲ್ಲೇ ಎದುರಾದರು. 11 ಜನ ಸತ್ತರು, ಹೆಚ್ಚಿನವರು ಮಕ್ಕಳು. ಶಿಬುಯಾದಲ್ಲಿ ಕಂಡ ಸಾಲುಗಳು ಇಲ್ಲಿ ಮೂಡಲು ಜಾಗವೇ ಉಳಿದಿರಲಿಲ್ಲ. ಅಷ್ಟು ದಟ್ಟಣೆಯಲ್ಲಿ ಗುಂಪು ದ್ರವದಂತೆ ತೊನೆಯುತ್ತದೆ; ಕಾಲು ನಮ್ಮದಾದರೂ ನಡಿಗೆ ನಮ್ಮದಲ್ಲ. ಮುಂದಿನವರಿಗೆ ಉಸಿರು ಕಟ್ಟುತ್ತಿರುವುದು ಹಿಂದೆ ತಳ್ಳುವವರಿಗೆ ತಿಳಿಯುವುದೂ ಇಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ನಾವು ಕಳೆದುಕೊಂಡದ್ದೂ 11 ಜನರನ್ನು. ಆ ಸೇತುವೆಯ ಮೇಲೆ ನಿಂತಾಗ ನನಗೆ ಬೇರೇನೂ ನೆನಪಾಗಲಿಲ್ಲ. ಚದರ ಮೀಟರಿಗೆ ಎಷ್ಟು ಜನರಿದ್ದಾರೆಂದು ಎಣಿಸಲು ಇಂದು ಎತ್ತರದಲ್ಲೊಂದು ಕ್ಯಾಮೆರಾ ಸಾಕು. ಎಣಿಕೆ 4ಕ್ಕೋ 5ಕ್ಕೋ ಬಂದಾಗಲೇ ಹಿಂದಿನಿಂದ ಬರುವವರನ್ನು ದೂರದಲ್ಲಿ ತಡೆದು, ಮುಂದಿನ ದಾರಿ ಬಿಡಿಸಬೇಕು. 7 ದಾಟಿದ ಮೇಲೆ ಒಳಗಿರುವವರು ಎಷ್ಟೇ ಜಾಣರಾದರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ.