ಮತ್ತೆ ಗಾಡಿ ಹತ್ತುವ ಗೆಳೆಯರಿಗೆ



ನಿಮ್ಮ ಪತ್ರ ತಲುಪಿತು. ಬೆಂಗಳೂರಿನ ಕೆಲಸ ಮುಗಿಸಿ ನಾಗಮಂಗಲದ ಹತ್ತಿರದ ಊರಿಗೆ ಮರಳಿದ್ದೀರಿ. ತೋಟಕ್ಕೆ ಹೋಗಿಬರಲು, ಕೆ.ಆರ್. ಪೇಟೆಯ ತಂಗಿ ಮನೆಗೆ, ಆಗಾಗ ಪಾಂಡವಪುರ, ಶ್ರೀರಂಗಪಟ್ಟಣಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಬೇಕು, ಸೊಂಟ ಹಿಡಿಯಬಾರದು ಅಂದಿದ್ದೀರಿ. ಕೊನೆಯ ಸಾಲಿನಲ್ಲಿ ಮೆಲ್ಲಗೆ, ‘ಹಳೇ ಯೆಜ್ಡಿ ಸಿಕ್ಕರೆ ಹೇಗೆ?’ ಅಂತಲೂ ಕೇಳಿದ್ದೀರಿ. ಇಡೀ ಪತ್ರ ಬರೆದದ್ದೇ ಆ ಸಾಲಿಗಾಗಿ ಅಂತ ನನ್ನ ಗುಮಾನಿ.

ನಮ್ಮ ಸೀಮೆಯವರಿಗೆ ಆ ಹುಚ್ಚು ಬಿಡುವುದಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. 1973ರ ನಂತರ ಜಾವಾ ಹೋಗಿ ಯೆಜ್ಡಿ ಅನ್ನುವ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಅಂದರೆ ನಿಮಗೆ ಸಿಗುವ ಹಳೇ ಯೆಜ್ಡಿಗೆ ಏನಿಲ್ಲವೆಂದರೂ ಸುಮಾರು ಮೂವತ್ತು ವರ್ಷ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಸಾಮಾನು ಬೇಕಾದರೆ ಮೈಸೂರಿನಲ್ಲಿ ಅದನ್ನು ಬಲ್ಲವರನ್ನು ಹುಡುಕಬೇಕು. ಭಾನುವಾರ ಒರೆಸಿ, ಕುಂತಿಬೆಟ್ಟದ ತನಕ ಹೋಗಿ ಬರಲು ಚೆಂದ. ದಿನಾ ತೋಟಕ್ಕೆ ಬೇಡ. 2022ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಬೇರೆಯೇ ಗಾಡಿ, ಅದರಲ್ಲಿ ನಿಮ್ಮ ಕಾಲೇಜಿನ ದಿನ ಹುಡುಕಬೇಡಿ.

ಯೆಜ್ಡಿ ಬಿಟ್ಟರೆ ನಮ್ಮವರ ಎರಡನೇ ಆಸೆ ಬುಲೆಟ್. ಅಂಗಡಿಯಲ್ಲಿ ಹತ್ತಿ ಕೂತರೆ ಸಿಂಹಾಸನ, ಒಪ್ಪುತ್ತೇನೆ. ಆದರೆ ಬಹಳ ವರ್ಷ ಬಿಟ್ಟು ಹತ್ತುವವರಿಗೆ ಕಷ್ಟ ಕಾಣಿಸುವುದು ಓಡುವಾಗ ಅಲ್ಲ, ನಿಂತಾಗ. ಮನೆ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ, ಜಲ್ಲಿ ಮೇಲೆ ತಿರುಗಿಸುವಾಗ, ಸಂತೆಯ ಜನದ ನಡುವೆ ಒಂದು ಕಾಲು ಊರಿದಾಗ. ಬುಲೆಟ್ ಬಳಗದ್ದೇ ಆದ, 2021ರಲ್ಲಿ ಬಂದ ಹೊಸ ಕ್ಲಾಸಿಕ್ 350 ಗಾಡಿಯ ತೂಕ 195 ಕೆ.ಜಿ., ಸ್ಪ್ಲೆಂಡರ್ ಸುಮಾರು 112, ಶೈನ್ 114ರ ಆಸುಪಾಸು. ಆ ಎಂಬತ್ತು ಕೆ.ಜಿ. ವಾಲಿತೆಂದರೆ ನಮ್ಮ ವಯಸ್ಸಿನ ಮಂಡಿ ತಡೆಯುವುದಿಲ್ಲ. ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಬೆರಳ ತುದಿ ಮಾತ್ರ ತಾಗಿದರೆ ಆ ಗಾಡಿ ಎಷ್ಟೇ ಸೋವಿಯಾದರೂ ಬಿಡಿ.

ವೇಗದ ಚಿಂತೆಯೂ ಬೇಡ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ, ನಮಗೆ ಸರ್ವೀಸ್ ರಸ್ತೆಯೇ ಗತಿ. ನೀವು ಹೆಚ್ಚು ಓಡಾಡುವುದು ನಾಗಮಂಗಲ–ಪಾಂಡವಪುರ–ಶ್ರೀರಂಗಪಟ್ಟಣದ ರಸ್ತೆ, ಇಲ್ಲವೇ ಚಿನಕುರಳಿ ಮೇಲಿನಿಂದ ಕೆ.ಆರ್. ಪೇಟೆ. ಊರಿಗೊಂದು ಹಂಪು, ಹಂಪಿಗೊಂದು ಅಂಗಡಿ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು. ಸುಗ್ಗಿ ಬಂತೆಂದರೆ ರಾಗಿ, ಹುರುಳಿ ಒಕ್ಕಣೆ ಟಾರು ರಸ್ತೆಯ ಮೇಲೇ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಮೇಲಿಂದ ಅದು ಚೈನಿಗೂ ಸುತ್ತಿಕೊಳ್ಳುತ್ತದೆ. ಆದ್ದರಿಂದ ಚೈನ್ ಪೂರ್ತಿ ಮುಚ್ಚುವ ಕವರ್ ಇರುವ ಗಾಡಿಯೇ ಇಲ್ಲಿಗೆ ಸರಿ. ಹುಡುಗರು ಅದನ್ನು ಸ್ಟೈಲಿಗೆಂದು ಕಿತ್ತಿರುತ್ತಾರೆ, ನೋಡಿಕೊಳ್ಳಿ.

ನನ್ನ ಲೆಕ್ಕದಲ್ಲಿ ನಿಮಗೆ ಹೊಂದುವುದು 125 ಸಿಸಿ ಗಾಡಿ. ಬೆನ್ನು ನೆಟ್ಟಗೆ, ಹ್ಯಾಂಡಲ್ ಕೈಗೆ ಸಲೀಸಾಗಿ ಸಿಗುವಂತೆ, ಫುಟ್‌ರೆಸ್ಟ್ ಮಂಡಿಯ ನೇರಕ್ಕೆ. ನೀವು ಎತ್ತರದ ಆಳು, ಮೇಲುಕೋಟೆ ಏರನ್ನು ಇಬ್ಬರು ಕೂತು ಹತ್ತುವುದು ಆಗಾಗ ಇದೆ ಅನ್ನುವುದಾದರೆ ಯೂನಿಕಾರ್ನ್ ನೋಡಿ. 2004ರಿಂದ ಬರುತ್ತಿದೆ, ಹಿಂದೆ ಮೋನೋಶಾಕ್ ಇರುವುದರಿಂದ ಹಂಪು ಹಾರಿದಾಗ ಸೊಂಟಕ್ಕೆ ಹೊಡೆತ ಕಡಿಮೆ. ತೂಕ ಮಾತ್ರ 140 ಕೆ.ಜಿ. ಮುಟ್ಟುತ್ತದೆ. ಯೂನಿಕಾರ್ನ್‌ನಂಥ, 125 ಸಿಸಿಗಿಂತ ಮೇಲಿನ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ಅದಕ್ಕಿಂತ ಈಚಿನದು ಸಿಕ್ಕರೆ ಹುರುಳಿ ಸೊಪ್ಪಿನ ದಿನ ಅದರ ಬೆಲೆ ಗೊತ್ತಾಗುತ್ತದೆ. 2020ರ ನಂತರದ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರ್ ಇಲ್ಲ, ಚಳಿಗೆ ಚೋಕ್ ಎಳೆಯುವ ಗೋಳಿಲ್ಲ. ಆದರೆ ಸೆನ್ಸರ್ ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಕೈಚೆಲ್ಲುತ್ತಾನೆ. ನಿಮ್ಮೂರಿನ ಮೆಕ್ಯಾನಿಕ್ ಯಾವ ಗಾಡಿಯನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೋ ಅದನ್ನೇ ಕೊಳ್ಳುವುದು ಜಾಣತನ.

ಇನ್ನು ನೋಡಿ ಕೊಳ್ಳುವ ವಿಚಾರ. ನಮ್ಮ ಕಡೆ ಗಾಡಿ ಅಂದರೆ ಎತ್ತಿನ ಕೆಲಸವನ್ನೂ ಮಾಡಿರುತ್ತದೆ. ಡೇರಿಗೆ ಹಾಲಿನ ಕ್ಯಾನು, ಸಂಜೆ ಹುಲ್ಲಿನ ಹೊರೆ, ಗೊಬ್ಬರದ ಮೂಟೆ. ಮೀಟರ್ ಕಡಿಮೆ ತೋರಿಸಿದರೂ ಹಿಂದಿನ ಶಾಕ್ಸ್ ಕುಸಿದಿರುತ್ತವೆ. ಕ್ಯಾರಿಯರ್ ಬಿಚ್ಚಿದ ಗುರುತು, ಹಿಂಭಾಗದಲ್ಲಿ ವೆಲ್ಡಿಂಗ್ ಕಂಡರೆ ಅದೇ ಕಥೆ ಹೇಳುತ್ತದೆ. ‘ಸಿಂಗಲ್ ಓನರ್ ಕಣಣ್ಣ, ಮೇಷ್ಟ್ರ ಗಾಡಿ’ ಅನ್ನುತ್ತಾರೆ. ಈ ಜಿಲ್ಲೆಯಲ್ಲಿ ಮಾರಾಟಕ್ಕಿರುವ ಗಾಡಿಗಳ ಲೆಕ್ಕ ಹಾಕಿದರೆ ಮೇಷ್ಟ್ರುಗಳೇ ಸಾಲುವುದಿಲ್ಲ!

ನೀವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಎಂಜಿನ್ ಹತ್ತಿರ ಕೈ ಇಡಿ. ಬಿಸಿಯಿದ್ದರೆ ತಣ್ಣಗೆ ಸ್ಟಾರ್ಟ್ ಆಗದ ರೋಗ ಮುಚ್ಚಿಟ್ಟಿರಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಕಚ್ಚಿದಂತಾದರೆ ಕೋನ್ ಸೆಟ್ ಹೋಗಿದೆ. ಮುಂದಿನ ಫೋರ್ಕನ್ನು ಅದುಮಿ ಬಿಟ್ಟಾಗ ಕೊಳವೆಯ ಮೇಲೆ ಆಯಿಲ್ ಪಸೆ ಬಂದರೆ ಸೀಲ್ ಹೋಗಿದೆ. ಇವೆರಡೂ ಸಣ್ಣ ಖರ್ಚು, ಬೆಲೆ ಇಳಿಸಲು ಬಳಸಿಕೊಳ್ಳಿ. ನೇರ ರಸ್ತೆಯಲ್ಲಿ ಹಿಡಿತ ಸಡಿಲಿಸಿದಾಗ ಗಾಡಿ ಒಂದು ಕಡೆ ಎಳೆದರೆ ಮಾತ್ರ ಬೆಲೆ ಮಾತೇ ಬೇಡ, ಬಿದ್ದ ಗಾಡಿ ಇರಬಹುದು. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ.

ಕಾಗದದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ನಂಬರು ಕೆಎ-11 ಮಂಡ್ಯದ್ದೋ ಕೆಎ-54 ನಾಗಮಂಗಲದ್ದೋ, ಆರ್.ಸಿ.ಯಲ್ಲಿ ಇರುವ ಹೆಸರಿನವರೇ ನಿಮ್ಮೆದುರು ನಿಂತು ಫಾರಂ 29, 30ಕ್ಕೆ ಸಹಿ ಹಾಕಬೇಕು. ಸಾಲದ ಗಾಡಿಯಾಗಿದ್ದರೆ ಫಾರಂ 35 ಕೇಳಿ. ನೋಂದಣಿಯಾಗಿ 15 ವರ್ಷ ಹತ್ತಿರವಾದ ಗಾಡಿಗೆ ಮರುನೋಂದಣಿಯ ಖರ್ಚು ಕಾದಿರುತ್ತದೆ. ಮತ್ತೆ ನಿಮ್ಮದೇ ಲೈಸೆನ್ಸ್! ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಬರೀ ರಿನ್ಯೂ ಆಗುವುದಿಲ್ಲ, ಮತ್ತೆ ಟೆಸ್ಟ್ ಕೊಡಬೇಕು. ಗಾಡಿ ಹುಡುಕುವ ಮುಂಚೆ ಪೆಟ್ಟಿಗೆಯಿಂದ ಅದನ್ನು ತೆಗೆದು ನೋಡಿ.

ಕೊನೆಯದಾಗಿ ಒಂದು ಮಾತು. ನೀವು ಪತ್ರದಲ್ಲಿ ನಿಮ್ಮ ಸೊಂಟದ ಬಗ್ಗೆ ಬರೆದಿರಿ, ಹಿಂದೆ ಕೂರುವ ಅತ್ತಿಗೆಯ ಬಗ್ಗೆ ಒಂದಕ್ಷರ ಇಲ್ಲ. ಸೀರೆ ಗಾರ್ಡ್ ಇರಬೇಕೆನ್ನುವುದು ಕಾನೂನು, ಆದರೂ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಮೊದಲು ಕಾಣೆಯಾಗುವುದೇ ಅದು. ಅದನ್ನು ಹಾಕಿಸಿ, ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ಕೊಳ್ಳಿ, ಅಡ್ವಾನ್ಸ್ ಕೊಡುವ ಮುಂಚೆ ಅವರನ್ನು ಕೂರಿಸಿಕೊಂಡು ನಾಲ್ಕು ಹಂಪು ದಾಟಿ ಬನ್ನಿ. ಅವರು ಬೇಡ ಅಂದರೆ ಆ ಗಾಡಿ ಬೇಡ.

ಇಂತಿ ನಿಮ್ಮ ಗೆಳೆಯ