ಥಂಡಿಯಾಗ ಒಬ್ಬಾಕಿನೇ ಅಷ್ಟೂರ ತನಕ

1/7
ಜನವರಿ ಬಂತಂದ್ರೆ ನಿಮ್ಮ ಫೀಡ್‌ನಾಗೂ ಹಿಮದ ರೀಲ್‌ಗಳೇ ತುಂಬಿರ್ತಾವಲ್ಲ? ಕೇದಾರಕಂಠದ ಚಾರಣ, ಗಾಳಿ ಬೀಸೋ ಶಿಖರ, ಕಾಲಿಗೆ ಅಗಲವಾದ ಜಾಲರಿ ಕಟ್ಕೊಂಡು ಹಿಮದ ಮೇಲೆ ಒಬ್ಬರೇ ನಡೆಯೋರು. ಆ ಜಾಲರಿ ಮೈಭಾರವನ್ನ ಅಗಲಕ್ಕೆ ಹಂಚುತ್ತೆ, ಅದಕ್ಕೇ ಕಾಲು ಹೂತುಹೋಗಲ್ಲ. ನೋಡೋಕೆ ಚಂದ. ಆದ್ರೆ ಹಾಸ್ಟೆಲ್ ಫೀಸನ್ನ ಕಂತಿನಲ್ಲಿ ಕಟ್ಟೋಳಿಗೆ ಉತ್ತರಾಖಂಡ ಈ ವರ್ಷದ ಬಜೆಟ್‌ನಾಗಿಲ್ಲ. ನನ್ನ ಹತ್ರ ಇದ್ದದ್ದು ಒಂದು ಐತಾರ, ಒಂದು ಜೋಡಿ ಸ್ಪೋರ್ಟ್ಸ್ ಶೂ, ಮತ್ತೆ ಬೀದರ್.

ಬೀದರ್ ಏನು ಕಮ್ಮಿ ಇಲ್ಲ ನೋಡ್ರಿ. ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಕಲ್ಲಿನ ದಿಬ್ಬದ ಮೇಲಿದೆ ನಮ್ಮ ಊರು. ಕಡಲು ದೂರ, ಗಾಳಿ ಒಣ, ಚಳಿಗಾಲದ ರಾತ್ರಿ ಆಕಾಶದಲ್ಲಿ ಮೋಡ ಇರಲ್ಲ. ಹಗಲಿನ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತೆ. 1901ರ ಜನವರಿಯಲ್ಲಿ ಇಲ್ಲಿ 2.9 ಡಿಗ್ರಿ ದಾಖಲಾಗಿದೆ. ಬೆಳಿಗ್ಗೆ ತಣ್ಣೀರಿಗೆ ಕೈ ಹಾಕೋ ಹಾಸ್ಟೆಲ್‌ನೋರಿಗೆ ನಾನು ಬೇರೆ ಹೇಳೋದೇನಿಲ್ಲ.

2/7
ನಾನು ಔರಾದ ಕಡೆಯವಳು, ಬಿಕಾಂ ಕೊನೆ ವರ್ಷ. ಎರಡೂವರೆ ವರ್ಷದಲ್ಲಿ ನನಗೆ ಗೊತ್ತಿದ್ದ ಬೀದರ್ ಅಂದ್ರೆ ಬಸ್ ಸ್ಟ್ಯಾಂಡ್, ಹಾಸ್ಟೆಲ್, ಕಾಲೇಜ್. ಪರೀಕ್ಷೆ ಮುಗಿದ ಮೇಲೆ ಹೈದರಾಬಾದ್‌ನಾಗ ನೌಕರಿನೋ, ಇಲ್ಲಾ ಮನೆಯಲ್ಲಿ ಶುರುವಾಗಿರೋ ಮದುವೆ ಮಾತೋ, ಯಾವುದು ಮೊದಲು ಬರುತ್ತೋ ಗೊತ್ತಿಲ್ಲ. ಅದಕ್ಕೂ ಮುಂಚೆ ಒಂದು ದಿನ ಈ ಊರಿನಲ್ಲಿ ಒಬ್ಬಳೇ ನಡೀಬೇಕು ಅನಿಸ್ತು. ಮನೆಗೆ ಫೋನ್ ಹಚ್ಚಿದೆ.

"ಅವ್ವಾ, ಐತಾರ ಅಷ್ಟೂರಿಗೆ ನಡ್ಕೋತ ಹೋಗಿ ಬರ್ತೀನಿ."
"ಯಾರ್ ಜೋಡಿ?"
"ಒಬ್ಬಾಕಿನೇ."
"ಅಲ್ಲೇನ್ ಕೆಲಸ ಅದ?"
"ಕೆಲಸ ಏನಿಲ್ಲ."
"ಕೆಲಸ ಇಲ್ಲಂದ್ರ ಯಾಕ ಹೋಗಬೇಕು?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವ್ವನೇ ಅಂದಳು: "ಅಪ್ಪಗ ನಾ ಹೇಳ್ತೀನಿ. ಐದಕ್ಕ ಫೋನ್ ಬರಬೇಕು."

3/7
ಕಾಮರ್ಸ್‌ನೋರು ನಾವು, ಲೆಕ್ಕ ಬರೆಯದೆ ಹೊರಗೆ ಕಾಲಿಡಲ್ಲ.

ಜಮಾ: ಹಗಲು ಬೆಳಕು ಸುಮಾರು 11 ತಾಸು. ನೀರು 2 ಲೀಟರ್. ಕಡಕ್ ರೊಟ್ಟಿ ನಾಲ್ಕು, ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ. ಫೋನ್ ಚಾರ್ಜ್ 100. ನಗದು 150 ರೂಪಾಯಿ.
ಖರ್ಚು: ಬಸ್ ಸ್ಟ್ಯಾಂಡ್, ಚೌಬಾರಾ, ಗವಾನ್ ಮದರಸಾ, ಕೋಟೆ, ಚೌಖಂಡಿ, ಅಷ್ಟೂರು, ವಾಪಸ್. ಒಳಗಿನ ಸುತ್ತಾಟ ಸೇರಿ 12-13 ಕಿ.ಮೀ.

ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತೆ. ಅದಕ್ಕೇ ಎರಡಕ್ಕೆ ಎಲ್ಲಿದ್ದರೂ ವಾಪಸ್ ತಿರುಗೋದು ಅಂತ ಮೊದಲೇ ಬರೆದಿಟ್ಟೆ. ದಿನಾ ಭಾಲ್ಕಿಯಿಂದ ಕಾಲೇಜಿಗೆ ಬರೋ ಗೆಳತಿಗೆ ಲೈವ್ ಲೊಕೇಶನ್ ಕಳಿಸಿದೆ. "ನಾ ಮನಿಯಾಗ ರಜಾಯಿ ಹೊದ್ದು ನಿನ್ನ ಚುಕ್ಕಿ ನೋಡ್ತೀನಿ" ಅಂದಳು. ಇಡೀ ದಿನ ನೋಡಿದಳು ಕೂಡ.

4/7
ಬೆಳಿಗ್ಗೆ ಏಳೂವರೆ. ಚೌಬಾರಾ ಹತ್ರ ಚಹಾ ಕುಡಿದು ಗವಾನ್ ಮದರಸಾ ಮುಂದೆ ನಿಂತೆ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಮದ್ದಿನ ಪುಡಿ ಸಿಡಿದು ಅರ್ಧ ಹೋಯ್ತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಹೊಳೀತಾವ.

ಅಲ್ಲಿಂದ ಕೋಟೆ. ಅಹ್ಮದ್ ಶಾ ಬಹಮನಿ 1420ರ ದಶಕದಲ್ಲಿ ರಾಜಧಾನಿಯನ್ನ ಕಲಬುರಗಿಯಿಂದ ಇಲ್ಲಿಗೆ ತಂದ. ಕೋಟೆ ಇರೋದು ದಿಬ್ಬದ ಅಂಚಿನಲ್ಲೇ. ಗೋಡೆ ಹತ್ರ ಹೋಗಿ ನಿಂತ್ರೆ ಗಾಳಿಗೆ ಕಣ್ಣಲ್ಲಿ ನೀರು ಬರುತ್ತೆ, ದುಪಟ್ಟಾ ಕೈಗೆ ಸಿಗಲ್ಲ. ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ: ನಡೆಯುವಾಗ ಬೆವರು ಬರೋ ಮುಂಚೆ ಸ್ವೆಟರ್ ಬಿಚ್ಚಿ, ನಿಂತ ಕೂಡಲೇ ಹಾಕ್ಕೊಳ್ಳಿ. ಬೆವರಿದ ಬಟ್ಟೆಗೆ ಗಾಳಿ ತಾಗಿದ್ರೆ ನಡುಕ ನಿಲ್ಲೋದೇ ಇಲ್ಲ.

5/7
ಅಷ್ಟೂರು ದಾರಿ ದಿಬ್ಬ ಇಳಿದು ಹೋಗುತ್ತೆ. ಮೇಲೆ ಕೆಂಪು ಕಲ್ಲು, ಕೆಳಗೆ ಕರಿ ಕಲ್ಲು. ಕೆಂಪು ಕಲ್ಲಿನ ತೂತುಗಳಲ್ಲಿ ಮಳೆ ನೀರು ಇಳಿಯುತ್ತೆ, ಕರಿ ಕಲ್ಲು ತಡೆಯುತ್ತೆ, ಅಂಚಿನಲ್ಲಿ ನೀರು ಹೊರಗೆ ಬರುತ್ತೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲದರ ಗುಟ್ಟು ಇದೇ.

ಎಂಟು ಮೂಲೆಯ ಚೌಖಂಡಿ ದಾಟಿದ ಮೇಲೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ಕಾಣ್ತಾವ. ಹುಮಾಯೂನ್ ಶಾನ ಗುಮ್ಮಟ ಸಿಡಿಲು ಬಡಿದು ಸೀಳಿದೆ, ಒಳಗೆ ನಿಂತ್ರೆ ಆಕಾಶ ಕಾಣುತ್ತೆ. ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಬಂಗಾರದ ಅಕ್ಷರ, ಬಣ್ಣದ ಬಳ್ಳಿ. ಇವನನ್ನ ಹಿಂದೂಗಳು ಅಲ್ಲಮಪ್ರಭು ಅಂತ ನಡ್ಕೋತಾರ, ಉರುಸ್‌ಗೆ ಜಂಗಮರು ಬರ್ತಾರ.

6/7
ವಾಪಸ್ ದಾರಿಯಲ್ಲಿ ಒಂದು ಬೈಕ್ ನನ್ನ ಪಕ್ಕ ನಿಧಾನ ಆಯ್ತು. ಮುಂದೆ ಹೋಯ್ತು. ತಿರುಗಿ ಬಂದು ಮತ್ತೆ ನಿಧಾನ ಆಯ್ತು. ರಸ್ತೆ ಪಕ್ಕದ ಹೊಲದಲ್ಲಿ ಹೆಣ್ಮಕ್ಕಳು ಕಡ್ಲಿ ಕೀಳ್ತಿದ್ರು. ನಾನು ಸೀದಾ ಹೊಲಕ್ಕಿಳಿದೆ. ಬೈಕ್ ಹೋಯ್ತು. ಎದಿ ಮಾತ್ರ ಡವಡವ ಅಂತಿತ್ತು.

ಒಬ್ಬ ಆಯಿ ಎಲ್ಲ ನೋಡಿದ್ದಳು. "ಬಾ ಯವ್ವಾ, ಕೂಡು" ಅಂತ ಕೈಗೆ ಸುಲಗಾಯಿ ಕೊಟ್ಟಳು. "ಒಬ್ಬಾಕಿನೇ ಬಂದೀದಿ? ಏನ್ ಕೆಲ್ಸ ಇತ್ತು?"

ಮತ್ತೆ ಅದೇ ಪ್ರಶ್ನೆ. "ಕೆಲ್ಸ ಏನಿಲ್ಲ ಆಯಿ. ನಡೀಬೇಕನಿಸ್ತು."

ಆಯಿ ನಕ್ಕಳು. "ನಾನೂ ದಿನಾ ಒಬ್ಬಾಕಿನೇ ನಡೀತೀನಿ, ಹೊತ್ತು ಹುಟ್ಟೋಕಿಂತ ಮೊದ್ಲ. ನನಗ ಯಾರೂ ಕೇಳಂಗಿಲ್ಲ. ತಲಿ ಮ್ಯಾಲ ಬುಟ್ಟಿ ಇರ್ತದಲ್ಲ."

ನಮ್ಮವ್ವನೂ ಹಿಂಗೇ. ಥಂಡಿಯಾಗ, ಕತ್ತಲಾಗ, ಒಬ್ಬಳೇ ಹೊಲಕ್ಕೆ ಹೋಗ್ತಾಳೆ. ಅವಳು ಒಂದು ವಾರದಲ್ಲಿ ನಡೆಯೋ ದೂರದ ಮುಂದೆ ನನ್ನ ಈ 13 ಕಿ.ಮೀ. ಯಾವ ಲೆಕ್ಕ? ಬುಟ್ಟಿ ಇದ್ರೆ ಹೆಣ್ಣಿಗೆ ದಾರಿ ಬಿಡ್ತಾರೆ. ಬುಟ್ಟಿ ಇಳಿಸಿ ಸುಮ್ಮನೆ ನಡೆದ್ರೆ ಎಲ್ಲರಿಗೂ ಕಾರಣ ಬೇಕು.

7/7
ನಾಲ್ಕಕ್ಕೆ ಹಾಸ್ಟೆಲ್ ಮುಟ್ಟಿದೆ. ಅವ್ವನಿಗೆ ಫೋನ್ ಮಾಡಿ ಆಯಿ ಅಂದದ್ದು ಹೇಳಿದೆ. ಬೈಕಿನ ವಿಷಯನೂ ಹೇಳಿದೆ, ಮುಚ್ಚಿಡಲಿಲ್ಲ. ಬೈತಾಳೆ ಅನ್ಕೊಂಡಿದ್ದೆ. ಅವ್ವ ಅಂದಳು: "ಬೀದರಕ್ಕ ನಾ ಎಷ್ಟ್ ಸಲ ಬಂದೀನಿ. ದವಾಖಾನಿಗೆ, ಮದುವಿ ಅರಬಿ ತರಲಿಕ್ಕ, ನಿನ್ನ ಅಡ್ಮಿಷನ್‌ಗ. ಸುಮ್ನ ಒಮ್ಮಿನೂ ಬಂದಿಲ್ಲ."

ಹುಡುಗಿಯರೇ, ಹೋಗೋರಿದ್ರೆ ಮೂರನೇ ಭಾಗ ಸೇವ್ ಮಾಡ್ಕೊಳ್ಳಿ. ಶೌಚಾಲಯದ ಲೆಕ್ಕ ಊರೊಳಗೇ ಮುಗಿಸಿ. ನಿಮ್ಮ ಚುಕ್ಕಿ ನೋಡೋಕೆ ಒಬ್ಬರಿರಲಿ. ದಾರಿಯಲ್ಲಿ ಜನ ಕೆಲಸ ಮಾಡೋ ಹೊಲ ಎಲ್ಲೆಲ್ಲಿ ಇದೆ ಅಂತ ಹೋಗುವಾಗಲೇ ಗಮನಿಸಿ.

ಹುಡುಗರೇ, ನಿಮಗೆ ಒಂದೇ ಮಾತು. ದಾರಿಯಲ್ಲಿ ಒಬ್ಬಳೇ ನಡೀತಿದ್ರೆ ಬೈಕ್ ನಿಧಾನ ಮಾಡಬೇಡಿ. ಆಕೆ ದಾರಿ ತಪ್ಪಿಲ್ಲ, ನಡೀಲಿಕ್ಕಂತಲೇ ಬಂದಾಳ.

#ಬೀದರ್ #ಅಷ್ಟೂರು #ಔರಾದ #ಭಾಲ್ಕಿ #ಥಂಡಿ #ಒಬ್ಬಾಕಿನೇ