ಪುಟ್ಟಮ್ಮನ ಒತ್ತು

ದೋಣಿಗಲ್‌ನ ನಮ್ಮಣ್ಣನ ಮಗಳು ಬಿಸಿಎ ಓದುತ್ತಿದ್ದಾಳೆ. ಆಳುಗಳು ಕುಯ್ದ ಕಾಫಿ ಹಣ್ಣಿನ ತೂಕ ಹಾಕಿದರೆ ಕೂಲಿ ತೋರಿಸುವ ಪುಟ್ಟ ವಿಂಡೋ ಒಂದನ್ನು ಪೈಥಾನ್‌ನಲ್ಲಿ ಬರೆಯಲು ಹೊರಟಳು. "ಚಿಕ್ಕಪ್ಪ, ರನ್ ಕೊಟ್ರೆ ವಿಂಡೋನೂ ಬರಲ್ಲ, ಎರರ್ರೂ ಬರಲ್ಲ" ಎಂದು ಅವಳು ಮುಖ ಊದಿಸಿಕೊಂಡಿದ್ದು ನನ್ನನ್ನು ಈಗಲೂ ಕೊರೆಯುತ್ತಿದೆ. ತಪ್ಪು ತೋರಿಸಿ ಬೈಯುವ ಯಂತ್ರವನ್ನು ಸಹಿಸಬಹುದು. ಬಾಯಿಯೇ ಬಿಡದ ಯಂತ್ರ ಹೊಸಬರನ್ನು ಕಂಗೆಡಿಸುತ್ತದೆ.

ಬಿಟ್ಟುಹೋಗಿದ್ದದ್ದು ಒಂದೇ ಸಾಲು. ವಿಂಡೋ ಬಿಡಿಸಲು ಅವಳು ಬಳಸಿದ್ದ ಪೈಥಾನ್‌ನ ಟಿಕೆಇಂಟರ್‌ನಲ್ಲಿ ಕೊನೆಗೆ ಮೇನ್‌ಲೂಪ್ ಕರೆಯಬೇಕು. ಕೀಲಿ ಒತ್ತುವುದಕ್ಕೆ, ಮೌಸ್ ಕ್ಲಿಕ್ಕಿಗೆ ಕಾದು ಕೂರುವ ಸುತ್ತು ಅದು. ಅದಿಲ್ಲದಿದ್ದರೆ ಪ್ರೋಗ್ರಾಂ ತನ್ನ ಕೊನೆಯ ಸಾಲು ಮುಗಿಸಿ ಹೊರಟೇ ಹೋಗುತ್ತದೆ, ವಿಂಡೋ ಬಿಡಿಸಲೂ ಪುರುಸೊತ್ತಿರುವುದಿಲ್ಲ. ಅದರ ಲೆಕ್ಕದಲ್ಲಿ ತಪ್ಪೇನೂ ನಡೆದಿಲ್ಲ, ಹಾಗಾಗಿ ಎರರ್ ಇಲ್ಲ.

ಸಾಲು ಸೇರಿಸಿದಳು, ವಿಂಡೋ ಬಂತು. ಕುಣಿದಾಡಿದಳು. ಹೆಸರಿನ ಜಾಗದಲ್ಲಿ 'ಪುಟ್ಟಮ್ಮ' ಎಂದು ಹಾಕಿದ್ದೇ ತಡ, ಕುಣಿತ ನಿಂತಿತು. ಅವಳ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಒತ್ತುಗಳೆಲ್ಲ ಮೇಲೆದ್ದು 'ಪುಟ್‌ಟಮ್‌ಮ' ಆಗಿ ನಿಂತಿದ್ದವು.

ಯೂನಿಕೋಡ್‌ನಲ್ಲಿ ಪುಟ್ಟಮ್ಮ ಎಂದರೆ ಸಾಲಾಗಿ ಇಟ್ಟ 8 ಸಂಕೇತಗಳು. ಒತ್ತು ಎಲ್ಲಿ ಕೂರಬೇಕು, ಹೇಗೆ ಕಾಣಬೇಕು ಎನ್ನುವುದನ್ನು ತೆರೆಯ ಮೇಲೆ ಅಕ್ಷರ ಮೂಡಿಸುವ ತಂತ್ರಾಂಶ ನೋಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ವ್ಯವಸ್ಥೆಯೇ ಅದನ್ನು ಮಾಡಿಕೊಡುತ್ತದೆ. ಲಿನಕ್ಸ್‌ನಲ್ಲಿ ವಿಂಡೋ ಬಿಡಿಸುವ ಬೇರೆ ಸಲಕರಣೆಗಳಾದ ಕ್ಯೂಟಿ, ಜಿಟಿಕೆಗಳಿಗೆ ಹಾರ್ಫ್‌ಬಜ್ ಎಂಬ ತಂತ್ರಾಂಶದ ನೆರವಿದೆ. ಟಿಕೆಇಂಟರ್‌ನ ಬುಡದಲ್ಲಿರುವ ಟಿಕೆಗೆ ಅವಳ ಲ್ಯಾಪ್‌ಟಾಪಿನಲ್ಲಿ ಈ ವಿದ್ಯೆ ಬರುತ್ತಿರಲಿಲ್ಲ. ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯಲ್ಲಿ ಟಿಕೆಯನ್ನು ಹೊರತಂದದ್ದು 1991ರಲ್ಲಿ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೂ ಅದೇ ವರ್ಷ. ಓರಗೆಯವರಾಗಿ ಹುಟ್ಟಿ ಇಷ್ಟು ವರ್ಷವಾದರೂ ಅಲ್ಲಿ ಇಬ್ಬರಿಗೂ ಸರಿಯಾದ ಪರಿಚಯವಿರಲಿಲ್ಲ.

ಇದು ಸಣ್ಣ ದೂರಲ್ಲ. ಇಳಿಜಾರಿನಲ್ಲಿ ಕಾಲೂರಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಂಜೆವರೆಗೆ ಹಣ್ಣು ಕುಯ್ದವಳ ಹೆಸರು ಕೂಲಿಯ ಪಟ್ಟಿಯಲ್ಲಿ ನೆಟ್ಟಗಿರಬೇಕು. "ಇಂಗ್ಲಿಷಲ್ಲೇ ಹಾಕ್ಬಿಡು" ಎಂದು ಅವಳ ಗೆಳತಿಯರು ಹೇಳಿದರಂತೆ. ನಮ್ಮ ಹುಡುಗಿ ಒಪ್ಪಲಿಲ್ಲ, ಇಡೀ ಪ್ರೋಗ್ರಾಮನ್ನು ಕ್ಯೂಟಿಯಲ್ಲಿ ಮತ್ತೆ ಬರೆದಳು. ಲೆಕ್ಕ ಹಾಕುವ ಸಾಲುಗಳು ಇದ್ದಂತೆಯೇ ಉಳಿದವು, ಬದಲಾದದ್ದು ಮುಖ ಮಾತ್ರ.

ಪ್ರೋಗ್ರಾಮಿಂಗ್ ಕಲಿಯುತ್ತಿರುವ ಮಕ್ಕಳೇ, ನಿಮ್ಮ ಮೊದಲ ವಿಂಡೋದಲ್ಲಿ 'ಹಲೋ ವರ್ಲ್ಡ್' ಬೇಡ. ಒತ್ತಕ್ಷರ ಇರುವ ನಿಮ್ಮೂರಿನವರ ಒಂದು ಹೆಸರು ಬರೆಯಿರಿ. ಅದು ಮುರಿದು ಕಂಡರೆ ಸುಮ್ಮನಿರಬೇಡಿ, ಆ ತಂತ್ರಾಂಶ ಮಾಡಿದವರಿಗೆ ಬರೆದು ತಿಳಿಸಿ.